ಇಲ್ಲದ ಮೋಡ

ಮಾರ್ಚ್ ೧೧, ಬುಧವಾರ

ಹಾಳಾದ್ದು, ಇವತ್ತೂ ಆಕಾಶ ತೊಳೆದಿಟ್ಟ ಹಾಗಿತ್ತು. ಹುಡುಕಿದರೂ ಒಂದು ಚೂರು ಮೋಡ ಸಿಗಲಿಲ್ಲ.

ಉಪಗ್ರಹಗಳಿಂದ ಮಾಹಿತಿ ಇಳಿಸುವ ಲೇಸರ್ ಮೋಡ ದಾಟುವುದಿಲ್ಲ. ನಾನೊಬ್ಬಳೇ ನೋಡಿಕೊಳ್ಳುವ ಈ ಸ್ಟೇಷನ್ನಿನ ಮೇಲೆ ಮೋಡ ಕವಿದರೆ ಗುಡ್ಡದಾಚೆಯ ಸ್ಟೇಷನ್ನಿಗೆ ಫೋನ್ ಮಾಡಿ, ಬರುವ ಉಪಗ್ರಹವನ್ನು ಅವರಿಗೆ ಒಪ್ಪಿಸಬೇಕು. ಅಲ್ಲಿರುವ ಅಣ್ಣನ ಮುಖ ನಾನು ನೋಡಿಲ್ಲ. ಯಾವಾಗಲೂ ಏನಾದರೂ ಅಗಿಯುತ್ತಲೇ ಮಾತಾಡುತ್ತಾರೆ. ಈ ಕಟ್ಟಡದಲ್ಲಿ ನನಗೆ ಕೇಳಿಸುವ ಮನುಷ್ಯರ ದನಿ ಅದೊಂದೇ, ಉಳಿದದ್ದೆಲ್ಲ ಫ್ಯಾನುಗಳದು. ನಾಳೆಯಿಂದ ಮೋಡ ಕಂಡರೆ ಕಂಪ್ಯೂಟರೇ ಒಪ್ಪಿಸುತ್ತದಂತೆ. ಫೋನ್ ಮಾಡುವ ತೊಂದರೆ ತಪ್ಪಿತು ಎಂದು ಮೇಲಿನವರು ಬರೆದಿದ್ದಾರೆ. ತೊಂದರೆಯಂತೆ!

ಸಂಜೆ ಕೊನೆಯ ಉಪಗ್ರಹ ಬರುವ ಮುಂಚೆ ಏನು ತಲೆ ಕೆಟ್ಟಿತೋ, ಫೋನ್ ಎತ್ತಿಯೇ ಬಿಟ್ಟೆ.

"ಅಣ್ಣಾ, ಇಲ್ಲಿ ಮೋಡ. ಇದನ್ನ ನೀವೇ ತಗೊಳ್ಳಿ."

ಅಗಿಯುವ ಸದ್ದು ನಿಂತಿತು. ನಮ್ಮ ಆಕಾಶದ ಕ್ಯಾಮೆರಾ ಅವರ ಪರದೆಯಲ್ಲೂ ಕಾಣುತ್ತದೆ ಎಂಬುದು ನನಗೆ ಆಗ ನೆನಪಾಯಿತು. ಕಿವಿಯೆಲ್ಲ ಬಿಸಿಯಾಯಿತು. ಫೋನ್ ಇಡೋಣ ಎನ್ನುವಷ್ಟರಲ್ಲಿ ಅವರೇ ಮಾತಾಡಿದರು.

"ಹೌದು ತಂಗಿ, ಕಾಣ್ತಾ ಇದೆ. ತುಂಬಾ ದೊಡ್ಡ ಮೋಡ. ಬೇಗ ಹೋಗೋ ಥರ ಇಲ್ಲ." ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. "ಉಪಗ್ರಹ ನಾನು ನೋಡ್ಕೋತೀನಿ. ನೀನು ಹೇಳು, ಏನ್ ಅಡುಗೆ ಇವತ್ತು?"

ನಾನು ಒಲೆಯನ್ನೇ ಹಚ್ಚಿರಲಿಲ್ಲ. ಆದರೂ ಒಂದೊಂದಾಗಿ ಹೇಳುತ್ತಾ ಹೋದೆ. ಅವರು ಹ್ಞೂಂ, ಹ್ಞೂಂ ಎನ್ನುತ್ತಾ, ಉಪ್ಪು ಸರಿಯಾಗಿತ್ತಾ ಎಂದೂ ಕೇಳಿದರು.