ತೋಳಿನ ಅಳತೆ

ಸೊರಡಿ, ಮಾರ್ಚ್ ೧೯೭೩

ಡಾಕ್ಟರ್ ಸಾಹೇಬರಿಗೆ ಸಂಗವ್ವನ ಶರಣು.

ಮೊಮ್ಮಗಳು ಅಕ್ಕಾತಾಯಿಯ ಕರುಳಿನ ಬೇನೆ ಹಾಗೆಯೇ ಇದೆ. ಖಂಡ ಕರಗುತ್ತಿದೆಯೋ ನೋಡಲು ಅವಳ ತೋಳನ್ನು ನೂಲಿನಿಂದ ಅಳೆದು ಕಳಿಸಲು ಹೇಳಿದ್ದಿರಿ. ನೂಲು ಇದರಲ್ಲಿ ಇಟ್ಟಿದ್ದೇನೆ. ಹೋದ ಸಲಕ್ಕಿಂತ ಬೆರಳಗಲ ಗಿಡ್ಡವಾಗಿದೆ.

ಅವಳನ್ನು ಮತ್ತೆ ದವಾಖಾನೆಗೆ ಕರೆತರಲು ನಮ್ಮ ಯಜಮಾನರು ಒಪ್ಪುತ್ತಿಲ್ಲ. ಬೀರಪ್ಪನ ಗುಡಿಯಲ್ಲಿ ಅವಳ ತೋಳಿಗೆ ಕಟ್ಟಿದ ಉಣ್ಣೆದಾರ ತೋರಿಸಿ, "ನೋಡು, ಬಿಗೀನ ಐತಿ. ಹುಡುಗಿ ಎಲ್ಲಿ ಸೊರಗ್ಯಾಳ?" ಅನ್ನುತ್ತಾರೆ. ದೇವರ ದಾರ ನೆಲಕ್ಕೆ ಬೀಳಬಾರದೆಂದು, ಸಡಿಲಾದಾಗೆಲ್ಲ ಗಂಟು ಬಿಗಿಯುವವರೂ ಅವರೇ. ಉಳಿದ ತುದಿಯನ್ನು ದಾರದೊಳಗೇ ಸಿಕ್ಕಿಸಿಬಿಡುತ್ತಾರೆ. ನಾನು ನೋಡದ ಹಾಗೆ ಇರುತ್ತೇನೆ.

ಬೀರಪ್ಪನ ಮೇಲೆ ನನಗೂ ಅಷ್ಟೇ ಭಕ್ತಿ. ಆದರೆ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ಹುಡುಗಿಯನ್ನು ಲಗೂನ ಕರೆತರಬೇಕೆಂದು ಯಜಮಾನರಿಗೆ ಒಂದು ಕಾರ್ಡು ಬರೆಯಿರಿ. ಅವರ ಹೆಸರು ನಾನು ಬರೆಯಬಾರದು, ನಿಮ್ಮ ಕೇಸ್ ಪೇಪರಿನಲ್ಲಿದೆ. ನಾನು ಕೇಳಿದೆನೆಂದು ಮಾತ್ರ ಬರೆಯಬೇಡಿರಿ.

ನಿಮ್ಮ ಕಾರ್ಡಿನ ದಾರಿ ನೋಡುವ,
ಸಂಗವ್ವ