ಕಿವಿಯ ದುಡ್ಡು ಖಾತೆಗೆ ಮರಳಿದ್ದು

ಮಿನೆಸೋಟ, ಫೆಬ್ರುವರಿ ೧೧

ಹೆಪ್ಪುಗಟ್ಟಿದ ಕೆರೆಯ ಮೇಲೆ ಮನೆ ಹೂಡಿರುವ ವರ್ಲಿನ್ ಮಹಾಶಯನಿಗೆ,

ಈ ಮೂಲಕ ಸಮಸ್ತ ಜಗತ್ತಿಗೆ ಸಾರುವುದೇನೆಂದರೆ, ಕ್ರಿಸ್‌ಮಸ್‌ನಿಂದ ನಾಪತ್ತೆಯಾಗಿದ್ದ ನಿನ್ನ ಎಡಗೈ ಗವಸು ಬಟ್ಟೆ ಒಣಗಿಸುವ ಯಂತ್ರದ ಹಿಂದೆ ಜೀವಂತವಾಗಿ ಸಿಕ್ಕಿದೆ. ಚರ್ಚಿನ ಗಂಟೆ ಬಾರಿಸಿಲ್ಲ, ಅಷ್ಟೆ.

ಇನ್ನು ಸಣ್ಣ ಸುದ್ದಿ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಕಿವಿಗೆ ಹಾಕಿಕೊಳ್ಳುವ ಹೊಸ ಯಂತ್ರಗಳನ್ನು ನವೆಂಬರಿನಲ್ಲೇ ಅಂಗಡಿಗೆ ಹಿಂದಿರುಗಿಸಿ ಬಂದ ಪುಣ್ಯಾತ್ಮ ನೀನು. "ಯಾಕೆ ಕೊಟ್ಟೆ?" ಅಂದರೆ "ಪರವಾಗಿಲ್ಲ, ಚೆನ್ನಾಗೇ ಇದ್ವು" ಅಂದೆ. ನಮ್ಮೂರ ಗಂಡಸರ ಬಾಯಲ್ಲಿ ಅದಕ್ಕಿಂತ ಉದ್ದದ ಮಾತು ಹೆಣ ಎತ್ತುವಾಗ ಮಾತ್ರ ಬರುತ್ತದೆ. ವಾಪಸು ಬಂದ ದುಡ್ಡೆಲ್ಲ ಮೀನು ಹಿಡಿಯಲು ಕೆರೆಯ ಮಂಜುಗಡ್ಡೆ ಕೊರೆಯುವ ಹೊಸ ಯಂತ್ರವಾಯಿತೆಂದು ನಾನು ತಿಳಿದೆ. "ನನ್ನ ಮಾತಿಗಿಂತ ಮೀನಿನ ಮಾತೇ ಹಿತ ನಿಂಗೆ" ಅಂದೆ. ಅದೊಂದು ಮಾತ್ರ ಯಂತ್ರವಿಲ್ಲದೆಯೂ ಚೆನ್ನಾಗಿ ಕೇಳಿಸಿತು ನೋಡು, ಕೆರೆಯ ಮೇಲಿನ ಗುಡಿಸಲಿಗೆ ಹೊರಟೇಬಿಟ್ಟೆ.

ನಿನ್ನೆ ನಿನ್ನ ತಮ್ಮ ಓರಿನ್ ಬಂದಿದ್ದ. ಮೂರು ಲೋಟ ಕಾಫಿ ಕುಡಿದು, ಹವಾಮಾನವನ್ನೆಲ್ಲ ಮುಗಿಸಿ, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ ಒಂದು ಲಕೋಟೆ ಚಾಚಿದ. "ಅತ್ತಿಗೆ, ಇದು ಕಿವಿ ಯಂತ್ರದ ದುಡ್ಡು, ಅಣ್ಣ ಇಡೋಕೆ ಕೊಟ್ಟದ್ದು. ನಿಮ್ಮ ಎದೆ ಡಾಕ್ಟರಿಗೆ ತೋರಿಸೋಕಂತೆ. ನಾನು ಹೇಳಿದೆ ಅನ್ಬೇಡಿ." ಅವನು ಹೇಳಿದ ಪ್ರಕಾರ, ನವೆಂಬರಿನ ಆ ಭಾನುವಾರ ನಾನು ಸೋಫಾದ ಮೇಲೆ ಮಲಗಿದ್ದಾಗ ಹೊಸ ಕಿವಿಗಳಲ್ಲಿ ನೀನು ಮೊದಲು ಕೇಳಿದ್ದು ನನ್ನ ಉಸಿರಂತೆ. ಅದು ನಿಲ್ಲುತ್ತಿತ್ತಂತೆ, ಮತ್ತೆ ಏದುತ್ತಾ ಶುರುವಾಗುತ್ತಿತ್ತಂತೆ. "ಡಾಕ್ಟರಿಗೆ ತೋರಿಸೋಣ" ಅಂತ ನೀನು ಅಂದದ್ದು ನಿಜ. "ದುಡ್ಡೆಲ್ಲಾ ನಿನ್ನ ಕಿವಿಗೇ ಹೋಯ್ತಲ್ಲ" ಎಂದು ನಾನು ನಕ್ಕದ್ದೂ ನಿಜ. ತಮಾಷೆಗೆ ಅಂದದ್ದು ಕಣೋ!

ಲಕೋಟೆ ಹಿಡಿದು ಚರ್ಚಿನ ನೆಲಮಾಳಿಗೆಗೆ ಹೋದೆ. ಅಲ್ಲಿ ಊರವರ ತೆರಿಗೆ ಲೆಕ್ಕ ಬರೆದುಕೊಡುವ ಲವೋನ್ ಕನ್ನಡಕ ಇಳಿಸಿ ನೋಡಿದಳು. "ಇದು ಆರೋಗ್ಯ ಉಳಿತಾಯ ಖಾತೆಯ ದುಡ್ಡು, ಚಿಕಿತ್ಸೆಗೆ ಖರ್ಚು ಮಾಡಿದ್ರೆ ತೆರಿಗೆ ಬೀಳದ್ದು. ಕಿವಿಗೆ ಅಂತ ತೆಗೆದ್ರಿ, ಕಿವಿ ವಾಪಸ್ ಹೋಯ್ತು. ದುಡ್ಡು ಹೀಗೆ ಲಕೋಟೇಲೇ ಕೂತ್ರೆ ಸರ್ಕಾರ ಅದನ್ನ ಆದಾಯ ಅನ್ನುತ್ತೆ. ತೆರಿಗೆ ಕಟ್ಟಿ, ಮೇಲೆ ಐದರಲ್ಲೊಂದು ಪಾಲು ದಂಡ ಕಟ್ಟಿ" ಅಂದಳು. ನನ್ನ ಮುಖ ನೋಡಿ, "ಅಳ್ಬೇಡ ಮಾರಾಯ್ತಿ, ಏಪ್ರಿಲ್ ಹದಿನೈದರೊಳಗೆ ಖಾತೆಗೆ ಮರಳಿಸಿದ್ರೆ ತೆಗೆದೇ ಇಲ್ಲ ಅಂತ ಲೆಕ್ಕ" ಅಂದಳು. ನಾನು ಅಳುತ್ತಿದ್ದುದು ತೆರಿಗೆಗಲ್ಲ ಎಂದು ಅವಳಿಗೆ ಹೇಳಲಿಲ್ಲ.

ಬ್ಯಾಂಕಿನ ಹುಡುಗಿ ಅದನ್ನು ಈ ವರ್ಷದ ಹೊಸ ಜಮೆ ಎಂದು ಬರೆಯಹೊರಟಳು. "ಹಾಗಲ್ಲಮ್ಮ, ತಪ್ಪಿ ಹೊರಗೆ ಹೋದದ್ದು ಮನೆಗೆ ಬಂದಿದೆ" ಅಂದೆ. "ಇಂಥದ್ದನ್ನ ತಗೊಳ್ಳಲೇಬೇಕು ಅಂತ ನಮಗೆ ನಿಯಮ ಇಲ್ಲ" ಎಂದು ರಾಗ ಎಳೆದಳು. ಮ್ಯಾನೇಜರನ್ನು ಕೇಳಿ ಬಂದಳು. ಲಕೋಟೆಯಲ್ಲಿದ್ದ ಅಂಗಡಿಯ ವಾಪಸಾತಿ ರಸೀದಿ ನೋಡಿದಳು. ಕೊನೆಗೆ ತೆಗೆದುಕೊಂಡಳು.

ಹೀಗೆ ದುಡ್ಡು ಸೇರಬೇಕಾದಲ್ಲಿ ಸೇರಿದೆ. ಕಿವಿಗೋ ಎದೆಗೋ, ಯಾವುದಕ್ಕೆ ತೆಗೆದರೂ ಇನ್ನು ತೆರಿಗೆಯಿಲ್ಲ. ಹೊರಗೆ ಹೋದದ್ದು ಹೊತ್ತಿಗೆ ಸರಿಯಾಗಿ ಮರಳಿದರೆ ಹೋಗೇ ಇಲ್ಲ ಎನ್ನುವಷ್ಟು ದೊಡ್ಡ ಮನಸ್ಸು ತೆರಿಗೆ ಇಲಾಖೆಗೇ ಇರುವಾಗ ನನಗೆ ಇರಬಾರದೇ? ಆದರೆ ನಿನ್ನ ವಿಷಯದಲ್ಲಿ ಏಪ್ರಿಲ್‌ವರೆಗೆ ಕಾಯಲಾರೆ.

ಇಂತಿ ನಿನ್ನ,
ಆರ್ಡಿಸ್

ತಾ.ಕ.: ಎದೆಗೆ ಏನೂ ಆಗಿಲ್ಲ ಎಂದು ನಿನಗೆ ಹೇಳುತ್ತಾ ಬಂದೆನಲ್ಲ, ಈಗೀಗ ಮೆಟ್ಟಿಲ ನಡುವೆ ಕೂತು ಏಳುತ್ತೇನೆ. ಗುರುವಾರ ಬೆಳಿಗ್ಗೆ ಹೃದಯದ ಪರೀಕ್ಷೆ ಗೊತ್ತುಮಾಡಿದ್ದೇನೆ. ಆಮೇಲೆ ಗಾಡಿ ಓಡಿಸಬಾರದಂತೆ. ಡಾಕ್ಟರು ಹೇಳುವುದು ಹೆದರಿಕೆಯಲ್ಲಿ ನನ್ನ ತಲೆಗೆ ಹೋಗುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರೊಬ್ಬರು ಬೇಕು. ಅದಕ್ಕೇ ಬುಧವಾರ ಕಿವಿ ಅಂಗಡಿಯಲ್ಲೂ ನಿನ್ನ ಹೆಸರು ಬರೆಸಿದ್ದೇನೆ. ಖಾತೆಯ ದುಡ್ಡು ಎರಡಕ್ಕೂ ಸಾಲದಿದ್ದರೆ ಅಂಗಡಿಯವರು ಕಂತು ಮಾಡಿಕೊಡುತ್ತಾರಂತೆ, ಕೇಳಿದ್ದೇನೆ. ಬರುವಾಗ ಒಂದು ಉಪಕಾರ ಮಾಡು: ಟ್ರಕ್ಕಿನ ಮುಂದಿನ ಸೀಟಿನಿಂದ ಆ ಮೀನೆರೆಯ ಬಕೆಟ್ ತೆಗೆದು ಹಿಂದಕ್ಕೆ ಇಡು.