ಪರದೆಯ ಆಚೆ ಬದಿಯವಳಿಗೆ

ಕುಂದಾಪುರ
ತಾ. 14-3-46, ಗುರುವಾರ

ಸಾಸ್ತಾನದ ಅಣ್ಣನ ಮನೆಯಲ್ಲಿ ಕಾಲು ನೀಡಿ ಕೂತು ಬಿಸಿ ಗಂಜಿ ಉಣ್ಣುತ್ತಿರುವ ಚಿ. ಸೌ. ಸುಗಂಧಿಗೆ, ಕುಂದಾಪುರದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸೋಡಾ ಬಾಟ್ಲಿ ತೊಳೆಯುತ್ತಿರುವ ಗಂಡ ಕುಷ್ಟ ಬರೆಯುವ ಕಾಗದ. ಗಂಡನಾದವನು ಕಾಗದದ ಮೇಲೆ ಆಶೀರ್ವಾದ ಮಾಡಬೇಕಂತೆ. ಈಗ ಆ ಧೈರ್ಯ ನನಗಿಲ್ಲ. ಆದ್ದರಿಂದ ಬರೀ ಕ್ಷೇಮ ಸಮಾಚಾರ.

ನಾನು ಕ್ಷೇಮ. ಬೆಕ್ಕು ಕ್ಷೇಮ. ಸೋಡಾ ಮಿಶನ್ನು ಮಾತ್ರ ನಿನ್ನ ಹಾಗೆಯೇ ಮುನಿಸಿಕೊಂಡಿದೆ. ಹಿಡಿ ತಿರುಗಿಸಿದರೆ ಗ್ಯಾಸು ಬಾಟ್ಲಿಗೆ ಹೋಗುವುದು ಬಿಟ್ಟು ನನ್ನ ಮುಖಕ್ಕೆ ಬರುತ್ತದೆ. ನೀನು ಬಾಟ್ಲಿ ಒತ್ತಿ ಹಿಡಿಯುತ್ತಿದ್ದ ಜಾಗದಲ್ಲಿ ಒಂದು ಕಲ್ಲು ಇಟ್ಟು ನೋಡಿದೆ. ಕಲ್ಲಿಗೆ ಬುದ್ಧಿ ಎಲ್ಲಿಂದ ಬರಬೇಕು? ನನ್ನ ಅಕ್ಷರಕ್ಕೆ ನಗಬೇಡ. ನಾಲ್ಕನೇ ಕ್ಲಾಸಿನಲ್ಲೇ ಮೇಷ್ಟ್ರು ಇದನ್ನು ನೋಡಿ ಕೆಸರಿನಲ್ಲಿ ಏಡಿ ಓಡಿದ ಹಾಗಿದೆ ಅಂದಿದ್ದರು. ಆಮೇಲೆ ನಾನು ಶಾಲೆ ಬಿಟ್ಟೆ, ಏಡಿ ಬಿಡಲಿಲ್ಲ.

ಸಿನೆಮಾ ಟೆಂಟಿನಲ್ಲಿ ನಿನ್ನ ಬದಿಯ ವ್ಯಾಪಾರ ನಿಂತು ಹೋಗಿದೆ. ಸಾವ್ಕಾರರು ಪರದೆಯ ಈಚೆ ಗಂಡಸರು, ಆಚೆ ಹೆಂಗಸರು ಅಂತ ಮಾಡಿದಾಗಿನಿಂದ ಈಚೆ ನಾನು, ಆಚೆ ನೀನು ಸೋಡಾ ಮಾರಿದ್ದೇ ಮಾರಿದ್ದು. ಆಚೆಗೂ ಕಾಣಲಿ ಅಂತ ನೀರು ಹೊಯ್ದ ಒದ್ದೆ ಬಟ್ಟೆಯ ಈಚೆಯಿಂದ ನಾನು ನೋಡಿದ ಚಿತ್ರವನ್ನೇ ಆಚೆಯಿಂದ ನೀನು ನೋಡಿ, ಆಟ ಬಿಟ್ಟ ಮೇಲೆ ಮನೆಯ ತನಕ ಜಗಳವಾಡಿಕೊಂಡು ಹೋಗುತ್ತಿದ್ದೆವಲ್ಲ, ಸುಗಂಧಿ, ಸತ್ಯ ಹೇಳುತ್ತೇನೆ, ನನಗೆ ಸಿನೆಮಾಕ್ಕಿಂತ ಆ ಜಗಳವೇ ರುಚಿ. ಈಗ ಬಚ್ಚನ ಸಂಗಡ ನಡೆದು ಬರುತ್ತೇನೆ. ನಿನಗೆ ಗೊತ್ತಲ್ಲ ಅವನ ರುಚಿ. ಕುದುರೆ ಹಾರಿದರೆ ಒಳ್ಳೆಯ ಚಿತ್ರ, ಹಾರದಿದ್ದರೆ ಹಾಳು ಚಿತ್ರ. ಅಷ್ಟು ಹೇಳಿ ಮುಗಿಸಿ ಉಳಿದ ದಾರಿಯೆಲ್ಲ ಅವನು ತನ್ನ ಚಾ ಅಂಗಡಿಯ ಹಾಲು ಒಡೆದ ಕತೆ ಹೇಳುತ್ತಾನೆ. ನನಗೆ ಜೋಕರು ಬಂದರೆ ಸಾಕು, ಅವನು ಊಟಕ್ಕೆ ಕೂತರೆ ಇನ್ನೂ ಖುಷಿ. ಆಪರೇಟರ್ ಸೋಮನಿಗೆ ರೀಲು ಕಡಿಮೆ ಇದ್ದ ಚಿತ್ರ ಎಲ್ಲವೂ ಇಷ್ಟ. ಡೈರೆಕ್ಟರನನ್ನು ನೋಡುವವಳು ನಮ್ಮಲ್ಲಿ ನೀನು ಒಬ್ಬಳೇ.

ಈಗ ಆ ಹಾಲಿನ ಮಾತಿಗೆ ಬರುತ್ತೇನೆ. ಬಾರದೆ ಉಪಾಯವಿಲ್ಲ.

ತಮ್ಮನೇ ಅಣ್ಣನಿಗೆ ಹಾಲಿನಲ್ಲಿ ವಿಷ ಹಾಕುವ ಆ ಚಿತ್ರ ನೋಡಿದ ದಿನ ನೀನು ದಾರಿಯಲ್ಲಿ ಹೇಳಿದ್ದು ನನಗೆ ಬಾಯಿಪಾಠ. "ಹ್ವಾಯ್, ಅವ ಮೋಸ ಮಾಡುವವ ಅಂತ ನಂಗೆ ಮುಖ ಕಾಂಬುಕಿಂತ ಮೊದ್ಲೇ ಗೊತ್ತಾಯ್ತ್. ಡೈರೆಕ್ಟ್ರ್ ಮುಖ ಅಡ್ಗಿಸಿ ಕೈ ಮಾತ್ರ ತೋರ್ಸಿರ್ ಕಾಣಿ. ಯಡ್ಗೈಯಂಗೆ ಹಾಲ್ ಕೊಡುವವ ಒಳ್ಳೆಯವ ಆಪುಕಿತ್ತಾ?"

ನಿನ್ನ ಬದಿಗೆ ಎಲ್ಲವೂ ತಿರುಗಿ ಕಾಣುತ್ತದಲ್ಲ, ನಮ್ಮ ಬದಿಯಿಂದ ಅವನು ಕೊಟ್ಟದ್ದು ಬಲಗೈಯಲ್ಲಿ. ಅಷ್ಟನ್ನು ನಿನ್ನ ಕಿವಿಯಲ್ಲಿ ಹೇಳಿ ಬಿಟ್ಟಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರಲಿಲ್ಲ. ನಾನು ಅದನ್ನು ಬಚ್ಚನ ಅಂಗಡಿಗೆ ತೆಗೆದುಕೊಂಡು ಹೋದೆ. "ನಮ್ಮನೆಯವ್ಳ್ ಪರದೆ ಹಿಂದಿನ ಪಂಡಿತೆ ಮರ್ರೆ, ಅವ್ಳಿಗೆ ಸೂರ್ಯ ಪಡುಬದಿಯಂಗೆ ಹುಟ್ಟುದ್" ಅಂದೆ. ಬಚ್ಚನಿಗೆ ನಕ್ಕೂ ನಕ್ಕೂ ಚಾ ಮೂಗಿನಲ್ಲಿ ಬಂತು. ಮರುದಿನ ನೀನು ಬಾಟ್ಲಿ ಪೆಟ್ಟಿಗೆ ಹೊತ್ತುಕೊಂಡು ಹೋಗುವಾಗ ಅವನು ಅಂಗಡಿಯಿಂದಲೇ ಕೂಗಿದ, "ಹ್ವಾಯ್ ಉಲ್ಟಾ ಪಂಡಿತ್ರೆ, ಇವತ್ತ್ ಯಾವ ಚಿತ್ರ?" ಬೀದಿಗೆ ಬೀದಿಯೇ ನಕ್ಕಿತು. ನಾನೂ ನಕ್ಕೆ. ನೀನು ಪೆಟ್ಟಿಗೆಯನ್ನು ನನ್ನ ಕಾಲ ಬುಡದಲ್ಲಿ ಇಟ್ಟೆ. "ಇನ್ನ್ ಎರ್ಡೂ ಬದಿಯಂಗೆ ನೀವೇ ಮಾರ್ಕಣಿ. ನಾನ್ ಹೋತೆ" ಅಂದೆ. ನಾನು ತಮಾಷೆ ಅಂತ ತಿಳಿದೆ. ನೀನು ಬಸ್ಸು ಹತ್ತಿದ ಮೇಲೂ ಸ್ವಲ್ಪ ಹೊತ್ತು ತಮಾಷೆ ಅಂತಲೇ ತಿಳಿದಿದ್ದೆ.

ಸಾಕು. ಈಗ ಊರಿನ ದೊಡ್ಡ ಸುದ್ದಿ ಕೇಳು.

ನೀನು ಹೋದ ಮೇಲೆ ಟೆಂಟಿಗೆ ಹೊಸ ಚಿತ್ರ ಬಂದಿದೆ. ನಮ್ಮ ಕನ್ನಡದ್ದೇ. ಆದರೆ ಶುರುವಿನಲ್ಲಿ ಹೆಸರುಗಳು ಬರುವ ತುಂಡೇ ಇಲ್ಲ. ಬರುವ ದಾರಿಯಲ್ಲಿ ಹರಿದು ಹೋಗಿರಬೇಕು ಅನ್ನುತ್ತಾನೆ ಸೋಮ. ಬಿಳಿ ಬೆಳಕು ಬಿತ್ತು, ಪಟ್ಟಂತ ಚಿತ್ರ ಶುರು. ಯಾರು ಮಾಡಿದ್ದು, ಯಾರು ಮಾಡಿಸಿದ್ದು, ಒಂದೂ ಗೊತ್ತಿಲ್ಲ. ನಮ್ಮ ಬದಿಯವರಿಗೆ ಇಷ್ಟು ದಿನ ಆ ಹೆಸರು ಓದಿ ಹೇಳುವುದೇ ಒಂದು ಜಂಬ ಆಗಿತ್ತಲ್ಲ, ಈಗ ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತರು. ಮರುದಿನ ಬಚ್ಚನ ಅಂಗಡಿಯಲ್ಲಿ ಯುದ್ಧ.

"ಕುದುರಿ ಇತ್ತಲ್ದಾ? ಹಂಗಾರೆ ಕುದುರಿ ಡೈರೆಕ್ಟ್ರದ್ದೇ. ಬೇಕಾರೆ ಮೀಸಿ ಬೋಳ್ಸ್ಕಂತೆ" ಅಂದ ಬಚ್ಚ.

ಗಾಡಿ ಹೊಡೆಯುವ ಐತ ಬಿಡಬೇಕಲ್ಲ. "ಒಂದ್ ಕುದುರಿ ಮೂಲಿಯಂಗೆ ನಿಂತ್ಕಂಡ್ ಹುಲ್ಲ್ ತಿಂದ್ರೆ ಅದ್ ಕುದುರಿ ಚಿತ್ರವಾ? ಹಂಗಾರೆ ನನ್ನ ಎತ್ತ್ ಕಂಡ್ರೆ ನಿಂಗೆ ಎಷ್ಟ್ ಚಿತ್ರ ಕಾಣ್ತ್? ಎಲ್ಲ್ರೂ ಮರ್ಕುದೇ ಮರ್ಕುದ್. ಇದ್ ಕಣ್ಣೀರ್ ಡೈರೆಕ್ಟ್ರದ್ ಮರಾಯ."

ಹೀಗೆ ದಿನಾ ಇದೇ ಕತೆ. ಚಾ ಆರಿದರೂ ಮಾತು ಆರಲಿಲ್ಲ. ಮೊನ್ನೆ ಎಲ್ಲರೂ ಎದ್ದು ಹೋದ ಮೇಲೆ ಬಚ್ಚ ಗ್ಲಾಸು ತೊಳೆಯುತ್ತಾ, ನನ್ನ ಮುಖ ನೋಡದೆ, "ನಿಮ್ಮನೆಯವ್ರ್ ಇದ್ದಿರೆ ಹೇಳ್ತಿದ್ರ್, ಅಲ್ದಾ?" ಅಂದ.

"ಅವತ್ತ್ ನಗ್ಯಾಡ್ದವ ನೀನೇ ಅಲ್ದನಾ?" ಅಂದೆ.

"ನಗ್ಸ್ದವ ಯಾರ್?" ಅಂದ.

ಬಚ್ಚನಿಗೆ ಇಷ್ಟು ಒಳ್ಳೆಯ ಮಾತು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಉಳಿದ ಗ್ಲಾಸುಗಳನ್ನು ನಾನೇ ತೊಳೆದು ಇಟ್ಟೆ. ಸೋಡಾ ಕುಷ್ಟ ಬೇರೆಯವರ ಗ್ಲಾಸು ತೊಳೆದ ಅಂದರೆ ನೀನು ನಂಬುವುದಿಲ್ಲ, ಬೇಕಾದರೆ ಬಚ್ಚನನ್ನೇ ಕೇಳು.

ನಿನ್ನೆ ಸಾವ್ಕಾರರು ಕರೆದು, ಹೆಂಗಸರು ಬಾಯಾರಿಕೆ ಬಾಯಾರಿಕೆ ಅಂತ ಕೂಗುತ್ತಾರೆ, ನಿನ್ನ ಹೆಂಡತಿ ಬರುವ ತನಕ ನೀನೇ ಆ ಬದಿಗೂ ಹೋಗು ಅಂದರು. ನಾನು ಪೆಟ್ಟಿಗೆ ಹೊತ್ತು, ತಲೆ ತಗ್ಗಿಸಿ, ನಾಚಿಕೆಯಿಂದ ಮದುಮಗನ ಹಾಗೆ ಪರದೆಯ ಹಿಂದೆ ಹೋದೆ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೀನು ಮಾರುವ ವನಜ ಮುಂದೆಯೇ ಕೂತಿದ್ದಳು.

"ಹ್ವಾಯ್ ಕುಷ್ಟಣ್ಣ, ದಾರಿ ತಪ್ತಾ? ಗಂಡ್ಸ್ರ ಬದಿ ಆಚಿಗ್!"

"ಸುಗಂಧಿ ಬಪ್ಪತನಕ ನಾನೇ ಸುಗಂಧಿ" ಅಂದೆ.

"ಹಂಗಾರೆ ಬರೀ ಸೋಡಾ ಕೊಟ್ರೆ ಸಾಕಾ? ಕತಿ ಹೇಳಿ. ಸುಗಂಧಕ್ಕ ಯಾರನ್ನ ನಂಬುಕಾಗ, ಯಾರಿಗೆ ಮುಂದೆ ಕಷ್ಟ ಬತ್ತ್ ಅಂತ ಮೊದ್ಲೇ ಹೇಳ್ತಿತ್ತ್. ಒಂದ್ ಸಲವೂ ತಪ್ಪಲಿಲ್ಲ."

ನೀನು ಅಲ್ಲಿ ಸೋಡಾದ ಸಂಗಡ ಇದನ್ನೂ ಕೊಡುತ್ತಿದ್ದೀಯ ಅಂತ ನನಗೆ ಒಂದು ದಿನವೂ ಹೇಳಿದವಳಲ್ಲ! ನಾನು ಕತೆ ಹೇಳಲು ಬಾಯಿ ತೆರೆದೆ. ಎಲ್ಲರೂ ಉಶ್ ಅಂದರು. ಕೊನೆಗೆ ಪೆಟ್ಟಿಗೆಯ ಮೇಲೆ ಕೂತು ಸುಮ್ಮನೆ ನೋಡಿದೆ. ಸುಗಂಧಿ, ನಾನು ಈ ಟೆಂಟಿನಲ್ಲಿ ಇಷ್ಟು ವರ್ಷ ಸಿನೆಮಾ ನೋಡಿದ್ದೇನೆ ಅಂತ ತಿಳಿದಿದ್ದೆ. ನೋಡಿರಲಿಲ್ಲ. ನಮ್ಮ ಬದಿಯಲ್ಲಿ ಒಬ್ಬ ಸಿಳ್ಳೆ ಹೊಡೆಯುತ್ತಾನೆ, ಒಬ್ಬ ಬೀಡಿ ಕೇಳುತ್ತಾನೆ, ನಾನು ಗೋಲಿ ಒತ್ತಿ ಟಪ್ ಅನ್ನಿಸುತ್ತೇನೆ. ಆಚೆ ಬದಿಯಲ್ಲಿ ಕೂಸುಗಳೂ ಸುಮ್ಮನಿರುತ್ತವೆ. ಆ ಸದ್ದಿಲ್ಲದ ಕಡೆ ಕೂತಾಗ, ಪರದೆಯ ಮೇಲೆ ಒಂದು ಕೈ ಬಂತು. ಮುಖವಿಲ್ಲ. ಮಾವನ ಕೈ, ಸೊಸೆಯ ಕೋಣೆಗೆ ಹೊರಗಿನಿಂದ ಚಿಲಕ ಹಾಕುವ ಕೈ. ಚಿಲಕದ ಮೇಲೆ ಅದು ಒಂದು ಗಳಿಗೆ ನಿಂತಿತು, ಹಾಕಲೋ ಬೇಡವೋ ಅನ್ನುವ ಹಾಗೆ. ಆಮೇಲೆ ಹಾಕಿತು. ಅಷ್ಟಕ್ಕೇ ಆ ಮನುಷ್ಯ ಎಂಥವನು ಅಂತ ನನಗೆ ತಿಳಿಯಿತು, ಹೆದರಿಕೆಯೂ ಆಯಿತು, ಅವನನ್ನು ಕಂಡು ಸ್ವಲ್ಪ ಪಾಪವೂ ಅನ್ನಿಸಿತು. ಅದು ಎಡಗೈಯೋ ಬಲಗೈಯೋ? ಈಗ ನೀನು ಕೇಳಿದರೆ ನನಗೆ ನೆನಪಿಲ್ಲ. ನೋಡಲೇ ಇಲ್ಲ.

ಅಯ್ಯೋ! ಬರೆದೇ ಬಿಟ್ಟೆನಲ್ಲ. ಚಿತ್ರದಲ್ಲಿ ಏನಿದೆ ಅಂತ ನಿನಗೆ ಮೊದಲೇ ಹೇಳಿಕೊಟ್ಟರೆ ಬಚ್ಚ ಮೋಸ ಅಂತ ಕೂಗುತ್ತಾನೆ. ಮೇಲಿನದನ್ನು ನೀನು ಓದಲಿಲ್ಲ ಅಂತ ಮಾಡು. ಹೊಡೆದು ಹಾಕಿದರೆ ಕಾಗದದಲ್ಲಿ ಏಡಿಗಳು ಇನ್ನೂ ಜಾಸ್ತಿ ಆಗುತ್ತವೆ.

ನನಗೆ ಬೇಕಾದದ್ದು ಇಷ್ಟೇ. ಟೆಂಟಿನವರು ಈ ವರ್ಷದ ಆಟ ಮುಗಿಸಿ ಸೋಮವಾರ ಗಂಟು ಕಟ್ಟಿ ಬ್ರಹ್ಮಾವರಕ್ಕೆ ಹೋಗುತ್ತಾರೆ. ಆದಿತ್ಯವಾರ ಕಡೆಯ ಆಟ. ಅದರ ಒಳಗೆ ನೀನು ಬಂದು ಚಿತ್ರ ನೋಡಿ, ಇದು ಯಾವ ಡೈರೆಕ್ಟರನದ್ದು ಅಂತ ಬಚ್ಚನ ಅಂಗಡಿಯ ಎದುರಿಗೆ ನಿಂತು ಹೇಳಬೇಕು. ನೀನು ಹೇಳಿದ್ದು ಸರಿಯಾದರೆ ಮೀಸೆ ಬೋಳಿಸುತ್ತೇನೆ ಅಂದ ಬಚ್ಚ. ಆ ಮೀಸೆ ನಮಗೇಕೆ, ಬಾಟ್ಲಿ ತೊಳೆಯುವ ಬ್ರಷ್ಷಿಗೂ ಸಾಲದು ಅಂದೆ. ಅದರ ಬದಲು, ಬೀದಿಯಲ್ಲಿ ಉಲ್ಟಾ ಪಂಡಿತೆ ಅಂತ ಕೂಗಿದವನು ಅದೇ ಬೀದಿಯಲ್ಲಿ ಅದೇ ಗಂಟಲಿನಲ್ಲಿ ಸುಗಂಧಕ್ಕ ಅಂತ ಕೂಗಬೇಕು ಅಂತ ಗೊತ್ತು ಮಾಡಿದ್ದೇನೆ. ಅವನು ಒಪ್ಪಿದ್ದಾನೆ. ಐತ ಸಾಕ್ಷಿ.

ಆ ಉಲ್ಟಾ ಪಂಡಿತೆ ಹೆಸರನ್ನು ಹುಟ್ಟಿಸಿದವನು ಏನು ಮಾಡಬೇಕು ಅನ್ನುವುದನ್ನು ನೀನೇ ಹೇಳು. ಜೋಕು ಮಾಡಬೇಡ ಅಂದರೆ ಪ್ರಯತ್ನ ಮಾಡುತ್ತೇನೆ, ಆಗುತ್ತದೆ ಅಂತ ಮಾತು ಕೊಡಲಾರೆ. ನಿನ್ನನ್ನು ಇಟ್ಟುಕೊಂಡು ಜೋಕು ಮಾಡುವುದಿಲ್ಲ ಅನ್ನುವ ಮಾತು ಕೊಡುತ್ತೇನೆ. ನನಗೆ ನನ್ನ ಹೊಟ್ಟೆ ಇದೆ, ಬೋಳು ತಲೆ ಇದೆ, ಒಂದು ಜನ್ಮಕ್ಕೆ ಧಾರಾಳ ಸಾಕು.

ಮನೆಗೆ ಹೋಗುವ ದಾರಿ ನೀನಿಲ್ಲದೆ ತುಂಬಾ ಉದ್ದವಾಗಿದೆ ಮಾರಾಯ್ತಿ.

ಇಂತಿ ನಿನ್ನ ಈಚೆ ಬದಿಯ,
ಸೋಡಾ ಕುಷ್ಟ

ತಾ. ಕ.: ಶುಕ್ರವಾರ ಬೆಳಿಗ್ಗೆ. ಇದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಯಾವಾಗ ಮುಟ್ಟುತ್ತದೋ ಅಂತ ಹೆದರಿ ನಾನೇ ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ ಬಂದೆ. ಈಗ ನಿಮ್ಮ ಅಂಗಳದ ಹೊರಗೆ ಹಲಸಿನ ಮರದ ಬುಡದಲ್ಲಿ ಕೂತಿದ್ದೇನೆ. "ಒಳಗ್ ಬನ್ನಿ ಭಾವ" ಅಂತ ಚಂದ್ರ ಭಾವ ಕರೆದರು. ನಿಮ್ಮ ತಂಗಿ ಮೊದಲು ಕಾಗದ ಓದಲಿ ಅಂದೆ. ಅವರ ಕೈಯಲ್ಲೇ ಇದನ್ನು ಕಳುಹಿಸುತ್ತಿದ್ದೇನೆ.

ಇನ್ನೊಂದು. ಹೆಸರಿನ ತುಂಡು ಎಲ್ಲೂ ಹರಿದು ಹೋಗಿಲ್ಲ. ಸೋಮನ ಕಾಲು ಹಿಡಿದು ಅದನ್ನು ಕತ್ತರಿಸಿ ತೆಗೆಸಿದವನು ನಾನೇ. ಹೆಸರು ಓದಲು ಸಿಗದಿದ್ದರೆ ಈ ಗಂಡಸರಿಗೆ ನಿನ್ನ ನೆನಪು ಬಂದೀತು ಅಂತ. ಬಂತು. ಈಗ ಆ ತುಂಡು ನನ್ನ ಅಂಗಿಯ ಕಿಸೆಯಲ್ಲಿದೆ. ಸೋಮವಾರ ಗಂಟು ಕಟ್ಟುವ ಒಳಗೆ ವಾಪಸು ಕೊಡದಿದ್ದರೆ ಸೋಮನ ಕೆಲಸ ಹೋಗುತ್ತದೆ. ದೇವರಾಣೆ, ನಾನು ಅದನ್ನು ನೋಡಿಲ್ಲ. ನಿನ್ನ ಬದಿಗೆ ಯಾವಾಗಲೂ ಅಕ್ಷರ ತಿರುಗಿಯೇ ಬರುತ್ತಿತ್ತಲ್ಲ; ಇದನ್ನು ನೀನು ಬಿಸಿಲಿಗೆ ಹಿಡಿದು ಬೇಕಾದ ಹಾಗೆ ತಿರುಗಿಸಿ ನೆಟ್ಟಗೆ ಓದಬಹುದು. ಆದರೆ ಆದಿತ್ಯವಾರ ಚಿತ್ರ ನೋಡಿ ಹೇಳುವ ತನಕ ಓದಬೇಡ ಅಂತ ನನ್ನ ಮನಸ್ಸು. ನಿನ್ನ ಮನಸ್ಸು ನಿನಗೆ ಬಿಟ್ಟದ್ದು.

ಈ ಫಿಲ್ಮು ಬೆಂಕಿಯ ಹತ್ತಿರ ಹೋದರೆ ಭಗ್ ಅಂತ ಹತ್ತಿಕೊಳ್ಳುತ್ತದಂತೆ. ಅದಕ್ಕೇ ಕುಂದಾಪುರದಿಂದ ಇಲ್ಲಿಯ ತನಕ ಒಂದು ಬೀಡಿಯೂ ಇಲ್ಲದೆ ಬಂದಿದ್ದೇನೆ, ಜೀವ ಬಾಯಿಗೆ ಬಂದಿದೆ. ಬರುವ ಮನಸ್ಸಿಲ್ಲ ಅಂತಾದರೆ ಭಾವನ ಕೈಯಲ್ಲಿ ಬೆಂಕಿಪೆಟ್ಟಿಗೆ ಕಳುಹಿಸು, ತುಂಡನ್ನು ಸ್ವಲ್ಪ ಹೊತ್ತು ಅವರ ಕೈಗೆ ಕೊಟ್ಟು ದೂರ ಹೋಗಿ ಬೀಡಿ ಸೇದುತ್ತೇನೆ. ಬರುವುದಾದರೆ ಬೆಂಕಿಯನ್ನು ಒಳಗೇ ಬಿಟ್ಟು ಬಾ.